ಎಸ್ಪ್ರೆಸೊ ಕೈ ಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಮನೆಗೆ ಎಸ್ಪ್ರೆಸೊ ಮಷೀನ್ ತಂದವರ ದೂರು ಹೆಚ್ಚಾಗಿ ಮೂರೇ. ಕಾಫಿ ಹುಳಿ. ಕಾಫಿ ಕಹಿ. ಕಾಫಿ ಬರ್ತಾನೇ ಇಲ್ಲ. ಮೂರಕ್ಕೂ ಮೊದಲು ಬೈಸಿಕೊಳ್ಳುವುದು ಮಷೀನು. ಆದರೆ ಬಹುಪಾಲು ಸಲ ಅದರದ್ದು ಏನೂ ತಪ್ಪಿರುವುದಿಲ್ಲ. ತಪ್ಪು ಬೀಜದಲ್ಲಿರುತ್ತದೆ, ಇಲ್ಲವೇ ಗ್ರೈಂಡರಿನಲ್ಲಿ. ಅದಕ್ಕೇ ಇಲ್ಲಿ ಬೀಜದಿಂದ ಶುರು ಮಾಡಿ ಮಷೀನಿಗೆ ಕೊನೆಯಲ್ಲಿ ಬರುತ್ತೇನೆ. ಸ್ಕ್ರೂಡ್ರೈವರ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ.

ಮೊದಲು ತಕ್ಕಡಿ

ಬರೀ ನಾಲಿಗೆ ನಂಬಿಕೊಂಡು ಹುಡುಕಲು ಹೋದರೆ ದಾರಿ ತಪ್ಪುತ್ತದೆ. ಮೂರು ಅಂಕಿ ಬೇಕು. ಬಾಸ್ಕೆಟ್‌ಗೆ (ಪುಡಿ ತುಂಬುವ ತೂತುತಳದ ಬಟ್ಟಲು) ಹಾಕಿದ ಪುಡಿ ಎಷ್ಟು ಗ್ರಾಂ, ಕಪ್ಪಿಗೆ ಇಳಿದ ಕಾಫಿ ಎಷ್ಟು ಗ್ರಾಂ, ಪಂಪ್ ಒತ್ತಿದಾಗಿನಿಂದ ಎಷ್ಟು ಸೆಕೆಂಡ್ ಆಯಿತು. 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಕಪ್ಪಿನಲ್ಲಿ ಎಷ್ಟು ತುಂಬಿದೆ ಅಂತ ಕಣ್ಣಳತೆ ಮಾಡಬೇಡಿ. ತಾಜಾ ಬೀಜದ ಕಾಫಿಯಲ್ಲಿ ಅರ್ಧ ನೊರೆಯೇ ಇರುತ್ತದೆ.

ಶುರುವಿಗೆ 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್ ಇಟ್ಟುಕೊಳ್ಳಿ. ಬಾಸ್ಕೆಟ್ 14 ಗ್ರಾಂದಾದರೆ 14 ಹಾಕಿ 28 ಇಳಿಸಿ. ಇಟಲಿಯವರ ಅಳತೆ ಇನ್ನೂ ಪುಟ್ಟದು: ಒಂದು ಕಪ್ಪಿಗೆ 7 ಗ್ರಾಂ ಪುಡಿ, 25 ಸೆಕೆಂಡ್, 25 ಎಂಎಲ್ ಕಾಫಿ. ಕೌಂಟರಿನ ಮುಂದೆ ನಿಂತು, ಸಕ್ಕರೆ ಹಾಕಿ ಕಲಸಿ, ಮೂರು ಗುಟುಕಿನಲ್ಲಿ ಮುಗಿಸಿ ಹೊರಡುವವರ ಕಾಫಿ ಅದು. ಯಾವ ಅಳತೆಯೂ ಶಾಸನವಲ್ಲ. ಆದರೆ ದೋಷ ಹುಡುಕುವಾಗ ಒಂದು ಅಳತೆ ಹಿಡಿದುಕೊಂಡು ಕೂರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪುಡಿಯೂ ಜಾಸ್ತಿ ಮಾಡಿ, ಗ್ರೈಂಡರೂ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ.

ಕಾಫಿ ಸುರಿದು ಹೋಗುತ್ತಿದ್ದರೆ

36 ಗ್ರಾಂ ಹತ್ತು ಹನ್ನೆರಡು ಸೆಕೆಂಡಿಗೇ ಇಳಿಯಿತು. ಬಣ್ಣ ತೆಳು, ರುಚಿ ಹುಳಿ, ಕ್ರೆಮಾ, ಅಂದರೆ ಮೇಲಿನ ಹೊಂಬಣ್ಣದ ನೊರೆ, ನೋಡನೋಡುತ್ತಲೇ ಮಾಯ. ಇದಕ್ಕೆ ಮೊದಲ ಅನುಮಾನ ಪುಡಿ ದಪ್ಪ ಆಗಿದೆ ಅನ್ನುವುದು. ಗ್ರೈಂಡರನ್ನು ಒಂದೆರಡು ಗೆರೆ ನುಣುಪಿಗೆ ತಿರುಗಿಸಿ. ತಿರುಗಿಸುವಾಗ ಮೋಟಾರ್ ಓಡುತ್ತಿರಲಿ, ಇಲ್ಲದಿದ್ದರೆ ಬೀಜ ಅರೆಯುವ ಹಲ್ಲುಚಕ್ರಗಳ, ಅಂದರೆ ಬರ್‌ಗಳ ನಡುವೆ ಸಿಕ್ಕಿದ ಬೀಜ ಅಡ್ಡ ಬರುತ್ತದೆ.

ಇಲ್ಲೊಂದು ಚೂರು ಜಾಣತನ ಬೇಕು. ಗ್ರೈಂಡರಿನ ಬಾಯಲ್ಲಿ ಹಿಂದಿನ ಸಲದ ಪುಡಿ ಒಂದಷ್ಟು ಉಳಿದಿರುತ್ತದೆ. ಸೆಟ್ಟಿಂಗ್ ಬದಲಿಸಿದ ತಕ್ಷಣ ಬರುವ ಪುಡಿ ಹಳತು ಹೊಸತು ಎರಡರ ಕಲಬೆರಕೆ. ಅದರಲ್ಲಿ ಶಾಟ್ ಎಳೆದು (ಒಂದು ಸಲದ ಕಾಫಿ ಇಳಿಸಿ) "ಏನೂ ವ್ಯತ್ಯಾಸ ಆಗಲಿಲ್ಲ" ಅಂತ ಇನ್ನೆರಡು ಗೆರೆ ತಿರುಗಿಸುತ್ತಾರೆ. ಮುಂದಿನದು ಪೂರ್ತಿ ಕಟ್ಟಿಕೊಳ್ಳುತ್ತದೆ. ಮೊದಲ ನಾಲ್ಕೈದು ಗ್ರಾಂ ಎಸೆದುಬಿಡಿ. ಗಿಡದ ಬುಡಕ್ಕೆ ಹಾಕಿದರೂ ಆಯಿತು.

ಗ್ರೈಂಡರ್ ಕೊನೆಯ ಗೆರೆಗೆ ಬಂದರೂ ಸುರಿಯುತ್ತಿದೆಯೇ? ಹಾಗಾದರೆ ಬೀಜದ ಕಡೆ ನೋಡಿ. ಪ್ಯಾಕೆಟ್ ಮೇಲೆ ಹುರಿದ ತಾರೀಖು ಇದೆಯೇ? ಬರೀ "ಇಂಥ ದಿನದೊಳಗೆ ಬಳಸಿ" ಅಂತ ಮಾತ್ರ ಇದ್ದರೆ ಅದರಿಂದ ನಮಗೆ ಉಪಯೋಗವಿಲ್ಲ. ಹುರಿದ ಬೀಜದೊಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿಕೊಂಡಿರುತ್ತದೆ. ನೀರಿಗೆ ತಡೆ ಕೊಡುವುದರಲ್ಲಿ, ಕ್ರೆಮಾ ಕಟ್ಟುವುದರಲ್ಲಿ ಅದರ ಪಾತ್ರ ದೊಡ್ಡದು. ಹುರಿದು ತಿಂಗಳುಗಟ್ಟಲೆ ಆದ ಬೀಜದಲ್ಲಿ ಅದು ಹಾರಿ ಹೋಗಿರುತ್ತದೆ. ನೀರು ಸಲೀಸಾಗಿ ನುಗ್ಗುತ್ತದೆ. ಆ ಬೀಜವನ್ನು ಎಷ್ಟು ನುಣ್ಣಗೆ ಮಾಡಿದರೂ ಮೊದಲಿನ ರುಚಿ ವಾಪಸ್ ಬರುವುದಿಲ್ಲ. ಸುಮ್ನೆ ಫಿಲ್ಟರಿಗೆ ಹಾಕಿ ಮುಗಿಸಿ.

ಇದರ ಉಲ್ಟಾನೂ ಉಂಟು. ಚಿಕ್ಕಮಗಳೂರಿನ ಎಸ್ಟೇಟಿನಿಂದ ಮೊನ್ನೆ ಹುರಿದು ಕಳಿಸಿದ ಬೀಜ ಅಂತ ಖುಷಿಯಲ್ಲಿ ಇವತ್ತೇ ಶಾಟ್ ಎಳೆದರೆ ಗುಳ್ಳೆಗುಳ್ಳೆ ಕ್ರೆಮಾ ಕಪ್ಪಿನ ತುಂಬ ಬರುತ್ತದೆ. ರುಚಿ ಮಾತ್ರ ಚುಚ್ಚುತ್ತದೆ. ಒಂದು ಶಾಟ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ವಾರ ಬಿಡಿ. ಹಗುರವಾಗಿ ಹುರಿದದ್ದಾದರೆ ಎರಡು ವಾರ ಬಿಟ್ಟರೂ ನಷ್ಟವಿಲ್ಲ.

ಮಿಕ್ಸಿಯಲ್ಲಿ ಪುಡಿ ಮಾಡುತ್ತಿದ್ದೀರಾ? ಹಾಗಿದ್ದರೆ ಮುಂದೆ ಓದುವುದೇ ಬೇಡ, ದೋಷ ಅಲ್ಲೇ ಇದೆ. ಮಿಕ್ಸಿಯ ಬ್ಲೇಡ್ ಬೀಜ ಒಡೆಯುತ್ತದೆಯೇ ಹೊರತು ಅಳತೆಗೆ ಅರೆಯುವುದಿಲ್ಲ. ಒಂದೇ ಚಮಚದಲ್ಲಿ ಧೂಳೂ ಇರುತ್ತದೆ, ನುಚ್ಚೂ ಇರುತ್ತದೆ. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ. ಬರ್ ಗ್ರೈಂಡರ್ ಕೊಳ್ಳುವವರೆಗೆ ಎರಡು ಗೋಡೆಯ ಬಾಸ್ಕೆಟ್ ಬಳಸಿ. ತಳದಲ್ಲಿ ಒಂದೇ ಒಂದು ಸೂಜಿತೂತು ಇರುತ್ತದಲ್ಲ, ಅದು. ಒತ್ತಡವನ್ನು ಆ ತೂತೇ ಹುಟ್ಟಿಸುವುದರಿಂದ ಪುಡಿ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ. ಅದರಲ್ಲಿ ಬರುವ ದಟ್ಟ ನೊರೆ ನೋಡಿ ಬೀಜ ಚೆನ್ನಾಗಿದೆ ಅಂದುಕೊಳ್ಳಬೇಡಿ. ಆ ತೂತಿನಲ್ಲಿ ಯಾವ ಕಾಫಿ ನುಗ್ಗಿದರೂ ನೊರೆ ಬರುತ್ತದೆ.

ಹನಿಯೂ ಬೀಳದೆ ನಿಂತರೆ

ಪಂಪ್ ಗೊಂಯ್ ಅನ್ನುತ್ತಿದೆ, ಕಪ್ಪಿನಲ್ಲಿ ಏನೂ ಇಲ್ಲ. ಮೊದಲು ಎಚ್ಚರಿಕೆ: ಪೋರ್ಟಾಫಿಲ್ಟರನ್ನು (ಬಾಸ್ಕೆಟ್ ಕೂರುವ ಹಿಡಿಕೆ) ತಕ್ಷಣ ಬಿಚ್ಚಬೇಡಿ. ಒತ್ತಡ ತಾನಾಗಿ ಇಳಿಸುವ ವಾಲ್ವ್ ಇಲ್ಲದ ಮಷೀನಿನಲ್ಲಿ ಒಳಗೆ ಬಿಸಿನೀರು ಕಾದು ಕುಳಿತಿರುತ್ತದೆ. ತಿರುಗಿಸಿದರೆ ಬಿಸಿ ಚರಟ ಮುಖಕ್ಕೇ ಹಾರುತ್ತದೆ. ಪಂಪ್ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು, ಮೆಲ್ಲಗೆ ಸಡಿಲ ಮಾಡಿ.

ಆಮೇಲೆ ಹೀಗೆ ಪರೀಕ್ಷೆ ಮಾಡಿ. ಪೋರ್ಟಾಫಿಲ್ಟರ್ ಇಲ್ಲದೆ ಪಂಪ್ ಒತ್ತಿ. ನೀರು ಧಾರಾಳವಾಗಿ ಸುರಿದರೆ ಮಷೀನು ಸರಿಯಿದೆ. ಈಗ ಖಾಲಿ ಬಾಸ್ಕೆಟ್ ಹಾಕಿ ಒತ್ತಿ. ಈಗ ನೀರು ಬರೀ ತೊಟ್ಟಿಕ್ಕಿದರೆ ಬಾಸ್ಕೆಟ್ಟಿನ ತೂತುಗಳು ಕಟ್ಟಿವೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಖಾಲಿ ಬಾಸ್ಕೆಟ್ಟಿನಲ್ಲಿ ನೀರು ಚೆನ್ನಾಗಿ ಬಂದು, ಪುಡಿ ಹಾಕಿದಾಗ ಮಾತ್ರ ನಿಂತರೆ ತಪ್ಪು ಪುಡಿಯದು. ತುಂಬಾ ನುಣ್ಣಗಿದೆ, ಅಥವಾ ಜಾಸ್ತಿ ಹಾಕಿದ್ದೀರಿ.

ಜಾಸ್ತಿ ಹಾಕಿದ್ದೀರಾ ಅಂತ ನೋಡಲು ಒಂದು ರೂಪಾಯಿ ನಾಣ್ಯ ತೊಳೆದು, ಒತ್ತಿದ ಪುಡಿಯ ಮೇಲಿಟ್ಟು, ಪೋರ್ಟಾಫಿಲ್ಟರನ್ನು ಮಷೀನಿಗೆ ಸಿಕ್ಕಿಸಿ ಬಿಚ್ಚಿ. ನಾಣ್ಯ ಪುಡಿಯೊಳಗೆ ಹೂತಿದ್ದರೆ ಜಾಗ ಸಾಲುತ್ತಿಲ್ಲ. ಒಂದು ಗ್ರಾಂ ಕಡಿಮೆ ಮಾಡಿ.

ನಮ್ಮ ಕಡೆಯ ಖಾಸ್ ತೊಂದರೆ ಇನ್ನೊಂದಿದೆ: ಚಿಕೋರಿ. ಕಾಫಿ ಪುಡಿ ಅಂಗಡಿಯಿಂದ 80ಕ್ಕೆ 20 ಬೆರಕೆಯ ಪುಡಿ ತಂದು ಅದನ್ನೇ ಎಸ್ಪ್ರೆಸೊ ಮಷೀನಿಗೆ ಹಾಕುತ್ತಾರೆ. ಚಿಕೋರಿ ಅನ್ನುವುದು ಹುರಿದ ಬೇರು. ಕಾಫಿಗಿಂತ ಬೇಗ ನೀರಿನಲ್ಲಿ ಕರಗುತ್ತದೆ, ನೆನೆದರೆ ಅಂಟಾಗುತ್ತದೆ. ಸ್ಟೀಲ್ ಫಿಲ್ಟರಿನಲ್ಲಿ ಇದರಿಂದ ಉಪಕಾರವೇ. ನೀರು ನಿಧಾನವಾಗಿ ಇಳಿದು ಡಿಕಾಕ್ಷನ್ ಗಟ್ಟಿ ಬರುತ್ತದೆ. ಆದರೆ 9 ಬಾರ್ ಒತ್ತಡದಡಿ ಅದೇ ಪುಡಿ ಮೆತ್ತಿಕೊಂಡು ಬಾಸ್ಕೆಟ್ಟಿನ ತೂತು ಮುಚ್ಚಿಬಿಡುತ್ತದೆ. ಮಷೀನಿನಿಂದ ನೀರು ಇಳಿಯುವ ಮೇಲಿನ ಜರಡಿಗೂ ಅಂಟುತ್ತದೆ. ಪ್ಯಾಕೆಟ್ಟಿನ ಮೇಲೆ ಚಿಕೋರಿ ಎಷ್ಟಿದೆ ಅಂತ ನಮೂದಿಸಿರುತ್ತಾರೆ, ಒಮ್ಮೆ ಓದಿ.

ತಮಾಷೆ ಅಂದರೆ ಅದೇ ಅಂಗಡಿಯಲ್ಲಿ ಚಿಕೋರಿ ಇಲ್ಲದ ಶುದ್ಧ ಪುಡಿ ತಂದರೆ ದೂರು ಉಲ್ಟಾ ಆಗುತ್ತದೆ. ಅಂಗಡಿಯ ಗಿರಣಿ ಫಿಲ್ಟರಿನ ಅಳತೆಗೆ ಕೂತಿರುತ್ತದೆ. ಅದು ಎಸ್ಪ್ರೆಸೊಗೆ ದಪ್ಪ. ಹಾಗಾಗಿ ಕಾಫಿ ಸುರಿದು ಹೋಗುತ್ತದೆ. ಅಂಗಡಿಯವರದ್ದು ಏನೂ ತಪ್ಪಿಲ್ಲ. ಯಾವ ದರ್ಜೆಯದಾಗಲಿ, ಪ್ಲಾಂಟೇಶನ್ ಎ ಅಥವಾ ಪೀಬೆರಿ, ಪುಡಿ ಮಾಡಿಸದೆ ಬೀಜವನ್ನೇ ಕೇಳಿ ತನ್ನಿ.

ಟೈಮ್ ಸರಿಯಾಗಿದೆ, ರುಚಿ ಸರಿಯಿಲ್ಲ

ಕಷ್ಟದ ಜಾಗ ಇದು. 18 ಹಾಕಿದಿರಿ, 36 ಬಂತು, 27 ಸೆಕೆಂಡ್ ಆಯಿತು. ಕುಡಿದರೆ ಮುಖ ಸಿಂಡರಿಸುವ ಹಾಗಿದೆ.

ಒಂದು ಶಾಟ್ ಹಾಳಾದರೂ ಪರವಾಗಿಲ್ಲ, ಈ ಪ್ರಯೋಗ ಮಾಡಿ. ಮೂರು ಸಣ್ಣ ಲೋಟ ಸಾಲಾಗಿ ಇಟ್ಟುಕೊಳ್ಳಿ. ಪಂಪ್ ಒತ್ತಿ, ಮೊದಲ 12 ಗ್ರಾಂ ಒಂದಕ್ಕೆ, ಮುಂದಿನ 12 ಎರಡನೆಯದಕ್ಕೆ, ಉಳಿದದ್ದು ಮೂರನೆಯದಕ್ಕೆ ಹಿಡಿಯಿರಿ. ಮೊದಲ ಲೋಟದ್ದು ಕಪ್ಪಗೆ, ಜೇನಿನಷ್ಟು ಗಟ್ಟಿ. ನಾಲಿಗೆಗೆ ಹಾಕಿದರೆ ಹುಳಿ, ಸ್ವಲ್ಪ ಉಪ್ಪುಪ್ಪು ಕೂಡ. ಎರಡನೆಯದರಲ್ಲಿ ಸಿಹಿಯಿದೆ. ಮೂರನೆಯದು ತೆಳ್ಳಗೆ, ತಿಳಿ ಕಂದು. ಕಹಿ ಬಿಟ್ಟರೆ ಬೇರೇನೂ ಇಲ್ಲ. ನೀರು ಮೊದಲು ಎಳೆಯುವುದು ಹುಳಿಯನ್ನು. ಸಿಹಿ ಆಮೇಲೆ. ಕಹಿ ಕಡೆಗೆ. ಮೂರನ್ನೂ ಒಂದೇ ಲೋಟಕ್ಕೆ ಸುರಿದು ಕುಡಿದು ನೋಡಿ. ನಿಮ್ಮ ಕಾಫಿಯಲ್ಲಿ ಏನು ಕಡಿಮೆ, ಏನು ಜಾಸ್ತಿ ಅಂತ ನಾಲಿಗೆಗೆ ತಾನಾಗಿಯೇ ತಿಳಿಯುತ್ತದೆ.

ಹುಳಿ ಜಾಸ್ತಿ ಅನಿಸಿದರೆ ಇನ್ನಷ್ಟು ಎಳೆಯಬೇಕು ಅಂತ ಅರ್ಥ. ಪುಡಿ ನುಣ್ಣಗೆ ಮಾಡಿ, ಅಥವಾ ಅದೇ 18 ಗ್ರಾಂಗೆ 36ರ ಬದಲು 42, 45 ಗ್ರಾಂ ಇಳಿಸಿ. ಹಗುರವಾಗಿ ಹುರಿದ ಅರೇಬಿಕಾಕ್ಕೆ ಎರಡನೆಯದೇ ವಾಸಿ. ಕಹಿ ಜಾಸ್ತಿ ಇದ್ದರೆ ಪುಡಿ ಸ್ವಲ್ಪ ದಪ್ಪ ಮಾಡಿ, ಅಥವಾ ಬೇಗ ನಿಲ್ಲಿಸಿ. ಬೀಜವನ್ನೇ ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದಿದ್ದರೆ ಗ್ರೈಂಡರಿನಿಂದ ಪವಾಡ ನಿರೀಕ್ಷಿಸಬೇಡಿ.

ಹುಳಿಯೂ ಇದೆ, ಕಹಿಯೂ ಇದೆ, ಕುಡಿದ ಮೇಲೆ ಕಾಯಿ ಅಡಿಕೆ ಅಗಿದ ಹಾಗೆ ಬಾಯೆಲ್ಲ ಒಗರು. ಟೈಮ್ ಮಾತ್ರ ಪಕ್ಕಾ. ಹೀಗಾದರೆ ನೀರು ಪುಡಿಯ ಎಲ್ಲ ಕಡೆಯಿಂದ ಸಮನಾಗಿ ಹಾಯುತ್ತಿಲ್ಲ. ಎಲ್ಲೋ ಒಂದು ಕಡೆ ಸಡಿಲ ಸಿಕ್ಕಿದೆ, ನೀರೆಲ್ಲ ಅಲ್ಲೇ ನುಗ್ಗುತ್ತಿದೆ. ಆ ದಾರಿಯ ಪುಡಿಯಿಂದ ಕಹಿ, ಒಗರು ಎಲ್ಲ ಬಸಿದು ಬರುತ್ತದೆ. ಪಕ್ಕದ ಪುಡಿ ಅರ್ಧವೂ ಇಳಿದಿರುವುದಿಲ್ಲ. ಇದನ್ನು ಚಾನೆಲಿಂಗ್ ಅನ್ನುತ್ತಾರೆ.

ಇದನ್ನು ಕಣ್ಣಾರೆ ನೋಡಬೇಕಾದರೆ ತಳವಿಲ್ಲದ ಪೋರ್ಟಾಫಿಲ್ಟರ್ ಬೇಕು. ಬಾಸ್ಕೆಟ್ಟಿನ ತಳ ನೇರ ಕಾಣುವಂಥದ್ದು. ನನ್ನ ಕೇಳಿದರೆ ಪುಡಿ ಒತ್ತುವ ದುಬಾರಿ ಟ್ಯಾಂಪರಿಗಿಂತ ಮೊದಲು ಕೊಳ್ಳಬೇಕಾದ್ದು ಇದೇ. ಪಂಪ್ ಒತ್ತಿ ಬಗ್ಗಿ ನೋಡಿ. ಎಲ್ಲ ಸರಿಯಿದ್ದರೆ ಐದಾರು ಸೆಕೆಂಡಿಗೆ ತಳದ ತುಂಬ ಕಪ್ಪು ಚುಕ್ಕೆ ಮೂಡುತ್ತವೆ, ಹರಡಿ ಒಂದಾಗುತ್ತವೆ, ನಡುವಿಗೆ ಸೇರಿ ಒಂದೇ ಎಳೆಯಾಗಿ ಇಳಿಯುತ್ತವೆ. ಎಳೆಯ ಮೇಲೆ ಕಂದು, ಹೊಂಬಣ್ಣದ ಪಟ್ಟೆ ಹರಿದಾಡುತ್ತದೆ. ಸರಿಯಿಲ್ಲದಿದ್ದರೆ ಒಂದು ಮಗ್ಗುಲು ಒಣಗಿಯೇ ಇರುತ್ತದೆ, ಇನ್ನೊಂದು ಮಗ್ಗುಲಲ್ಲಿ ಆಗಲೇ ಬಿಳಿಚಿಕೊಂಡ ಧಾರೆ. ಕೆಲವೊಮ್ಮೆ ಕೂದಲೆಳೆಯಷ್ಟು ಸಣ್ಣ ಚಿಲುಮೆ ಚಿಮ್ಮಿ ಅಂಗಿಗೇ ಬೀಳುತ್ತದೆ. ಬಿಳಿ ಅಂಗಿ ಬೇಡ.

ಪರಿಹಾರ ಅಗ್ಗದ್ದು. ಬಾಸ್ಕೆಟ್ಟಿಗೆ ಪುಡಿ ಹಾಕಿದ ಮೇಲೆ ತೆಳು ಸೂಜಿಗಳಿಂದ ತಳದವರೆಗೆ ಕೆದಕಿ. ಗಂಟುಗಳು ಒಡೆದು ಪುಡಿ ಸಮನಾಗಿ ಕೂರುತ್ತದೆ. 2005ರಲ್ಲಿ ಅಮೆರಿಕದ ಜಾನ್ ವೈಸ್ ಎಂಬವರು ಜನಕ್ಕೆ ತಿಳಿಸಿಕೊಟ್ಟ ಉಪಾಯ ಇದು. ಸೂಜಿ 0.4 ಮಿಲಿಮೀಟರಿಗಿಂತ ದಪ್ಪ ಇರಬಾರದು. ದಪ್ಪ ಇದ್ದರೆ ಅದೇ ಹೊಸ ದಾರಿ ಕೊರೆಯುತ್ತದೆ. ಆಮೇಲೆ ಟ್ಯಾಂಪರಿನಿಂದ ಒತ್ತಿ. ಎಷ್ಟು ಬಲ ಹಾಕಿದಿರಿ ಅನ್ನುವುದಕ್ಕಿಂತ ಓರೆಯಾಗದಂತೆ ಒತ್ತಿದಿರಾ ಅನ್ನುವುದು ಮುಖ್ಯ. ಒತ್ತಿದ ಮೇಲೆ ಪೋರ್ಟಾಫಿಲ್ಟರಿನ ಪಕ್ಕೆಗೆ ಟಕಟಕ ಬಡಿಯುವ ಅಭ್ಯಾಸ ಕೆಲವರಿಗಿದೆ. ಬಿಟ್ಟುಬಿಡಿ. ಅಂಚಿನಲ್ಲಿ ಬಿರುಕು ಬೀಳುವುದು ಅದರಿಂದಲೇ.

ಶಾಟ್ ಆದ ಮೇಲೆ ಉಳಿಯುವ ಚರಟ ನೋಡಿ ಭವಿಷ್ಯ ಹೇಳುವವರೂ ಇದ್ದಾರೆ. ಚರಟ ಒದ್ದೆಯಿದ್ದರೆ ದೋಷ ಅಂತೇನಿಲ್ಲ. ಪುಡಿಗೂ ಜರಡಿಗೂ ನಡುವೆ ಜಾಗ ಜಾಸ್ತಿಯಿದೆ ಅಷ್ಟೇ. ಆರಪಾರ ತೂತು ಕಂಡರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಕ್ರೆಮಾ ನೋಡಿ ತೀರ್ಪು ಕೊಡುವುದೂ ಬೇಡ. ರೊಬಸ್ಟಾ ಇದ್ದರೆ ಕ್ರೆಮಾ ದಪ್ಪ ಬಂದೇ ಬರುತ್ತದೆ. ಇಟಲಿಯ ಕಾಫಿ ಕಂಪನಿಗಳು ನಮ್ಮ ರೊಬಸ್ಟಾ ಕೊಂಡು ಬ್ಲೆಂಡಿಗೆ ಸೇರಿಸುವುದಕ್ಕೆ ಅದೂ ಒಂದು ಕಾರಣ. ಪೂರ್ತಿ ಅರೇಬಿಕಾದಲ್ಲಿ ತೆಳು ಕ್ರೆಮಾ ಬಂದರೆ ಅದು ದೋಷವಲ್ಲ. ಹುಳಿಯೇ ಒಗ್ಗದವರು ಕೊಡಗಿನ ಒಳ್ಳೆ ವಾಶ್ಡ್ (ತೊಳೆದು ಸಂಸ್ಕರಿಸಿದ) ರೊಬಸ್ಟಾ ಒಂದು ಪಾಲು ಬೆರೆಸಿ ನೋಡಬಹುದು. ಇಲ್ಲವೇ ಮಳೆಗಾಲದ ಕಡಲ ಗಾಳಿಗೆ ಹರವಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್ ತರಬಹುದು, ಅದರಲ್ಲಿ ಹುಳಿ ತೀರಾ ಕಮ್ಮಿ. ಬೀಜ ಬದಲಿಸಿದಾಗಲೆಲ್ಲ ಗ್ರೈಂಡರ್ ಮತ್ತೆ ಹೊಂದಿಸಬೇಕು, ಹಳೆ ಗೆರೆ ಹೊಸ ಬೀಜಕ್ಕೆ ನಡೆಯುವುದಿಲ್ಲ.

ಬಿಸಿ ಸಾಲದೆ, ಬಿಸಿ ಜಾಸ್ತಿಯಾಗಿ

ಬೆಳಗ್ಗೆಯ ಮೊದಲ ಕಾಫಿ ಹುಳಿ, ಎರಡನೆಯದು ಸರಿ. ಇದು ತಣ್ಣಗಿನ ಲೋಹದ ದೋಷ. ದೀಪ ಹತ್ತಿದ್ದು ಬಾಯ್ಲರ್ ಕಾದಿದೆ ಅಂತ ಮಾತ್ರ. ಪೋರ್ಟಾಫಿಲ್ಟರ್ ಇನ್ನೂ ತಣ್ಣಗಿರುತ್ತದೆ, ನೀರಿನ ಬಿಸಿಯನ್ನು ಅದೇ ನುಂಗುತ್ತದೆ. ಅದನ್ನು ಮಷೀನಿಗೆ ಸಿಕ್ಕಿಸಿಯೇ ಕಾಯಲು ಬಿಡಿ. ಹಿತ್ತಾಳೆಯ ಭಾರಿ ತಲೆಯಿರುವ ಮಷೀನಿಗೆ ಅರ್ಧ ಗಂಟೆ ಬೇಕು. ಸಣ್ಣ ಮಷೀನಾದರೆ ಪುಡಿಯಿಲ್ಲದೆ ಒಂದು ಸಲ ಬಿಸಿನೀರು ಹಾಯಿಸಿದರೆ ಸಾಕು.

ಹಾಲು ಕಾಯಿಸಿದ ಕೂಡಲೇ ಎಳೆದ ಕಾಫಿ ಸುಟ್ಟಂತಿದ್ದರೆ ಕಾರಣ ಇದಕ್ಕೆ ವಿರುದ್ಧ. ಒಂದೇ ಬಾಯ್ಲರಿನ ಮಷೀನಿನಲ್ಲಿ ಆವಿಗಾಗಿ ಕಾದ ನೀರು ಕಾಫಿಗೆ ತೀರಾ ಜಾಸ್ತಿ ಬಿಸಿ. ಕಾಫಿಗೆ ಬೇಕಾದ್ದು 90ರಿಂದ 96 ಡಿಗ್ರಿ. ಬೆಂಗಳೂರಿನ ಎತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಇಲ್ಲಿ ಥರ್ಮಾಮೀಟರ್ ಇಲ್ಲದೆಯೂ ಪತ್ತೆ ಮಾಡಬಹುದು. ಪೋರ್ಟಾಫಿಲ್ಟರ್ ತೆಗೆದು ಪಂಪ್ ಒತ್ತಿ. ನೀರು ಚುರ್ರ್ ಅಂತ ಸಿಡಿಯುತ್ತ ಬಂದರೆ ಅದು 97 ದಾಟಿದೆ. ಸದ್ದು ಅಡಗಿ ಸುಮ್ಮನೆ ಸುರಿಯುವವರೆಗೆ ಹರಿಸಿ, ಆಮೇಲೆ ಕಾಫಿ ಎಳೆಯಿರಿ. ಮಂಗಳೂರಿನಲ್ಲಿ ಈ ಲೆಕ್ಕ ಅಷ್ಟು ಸರಿ ಕೂರುವುದಿಲ್ಲ. ಅಲ್ಲಿ ನೀರು ಸಿಡಿಯಬೇಕಾದರೆ 100ರ ಹತ್ತಿರ ಹೋಗಬೇಕು. ಸದ್ದು ನಿಂತ ಮೇಲೂ ಇನ್ನೊಂದಿಷ್ಟು ಹರಿಸಿ.

ಈಗ ಮಷೀನು

ಡಬ್ಬದ ಮೇಲೆ 15 ಬಾರ್, 20 ಬಾರ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಪಂಪಿನ ಗರಿಷ್ಠ ತಾಕತ್ತು. ಕಾಫಿಗೆ ಬೇಕಾದ್ದು 9 ಬಾರ್. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ತೆಗೆದುಕೊಂಡ ಮಷೀನು ಬರೀ ಆವಿಯ ಬಲದಿಂದ ನಡೆಯುತ್ತಿತ್ತು. ಒತ್ತಡ ಒಂದೂವರೆ ಬಾರ್ ಆಸುಪಾಸು, ಕ್ರೆಮಾ ಇಲ್ಲ. ಕ್ರೆಮಾ ಬಂದದ್ದು ಎರಡನೇ ಮಹಾಯುದ್ಧದ ನಂತರ, ಅಕಿಲೆ ಗಾಜಿಯಾನ ಸ್ಪ್ರಿಂಗ್ ಲಿವರಿನಿಂದ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಮಷೀನು ಬಂದು ಒತ್ತಡ ಹುಟ್ಟಿಸುವ ಕೆಲಸವನ್ನು ಪಂಪಿಗೆ ಒಪ್ಪಿಸಿತು. ಅಲ್ಲಿಂದೀಚೆಗೆ 9 ಬಾರ್ ರೂಢಿಯಾಗಿದೆ. ನಿಮ್ಮ ಮೀಟರ್ 12 ದಾಟಿ ತೋರಿಸಿದರೆ ಹೆಮ್ಮೆ ಪಡಬೇಡಿ. ಒಂದೋ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ಒತ್ತಡ ಮಿತಿಯಲ್ಲಿಡುವ ವಾಲ್ವ್ ಹೊಂದಿಸಿಲ್ಲ. ಆ ವಾಲ್ವ್ ಕೆಲಸ ಬಲ್ಲವರಿಗೆ ಬಿಡಿ.

ಪಂಪ್ ಜೋರಾಗಿ ಕಟಕಟ ಅನ್ನುತ್ತದೆ, ನೀರೇ ಬರುವುದಿಲ್ಲ ಅಂದರೆ ಟ್ಯಾಂಕ್ ಖಾಲಿಯಾಗಿ ಒಳಗೆ ಗಾಳಿ ಸೇರಿದೆ. ಟ್ಯಾಂಕ್ ತುಂಬಿ, ಸ್ಟೀಮ್ ಪೈಪಿನ ನಾಬ್ ತೆರೆದು ಪಂಪ್ ಒತ್ತಿ, ನೀರು ಬರುವವರೆಗೆ ಬಿಡಿ. ಪೋರ್ಟಾಫಿಲ್ಟರಿನ ಅಂಚಿನಿಂದ ಸೋರುತ್ತಿದ್ದರೆ ಮೊದಲು ಅಂಚಿಗೆ ಅಂಟಿದ ಪುಡಿ ಒರೆಸಿ. ಆಮೇಲೂ ಸೋರಿದರೆ ರಬ್ಬರ್ ಗ್ಯಾಸ್ಕೆಟ್ ಬಿರುಸಾಗಿದೆ. ಹೊಸದು ಹಾಕಿ. ಜೋರಾಗಿ ತಿರುಗಿಸಿ ಬಿಗಿ ಮಾಡಿದರೆ ಇನ್ನೂ ಬೇಗ ಹಾಳಾಗುತ್ತದೆ.

ಸಂಜೆ ಮಾತ್ರ ಕಾಫಿ ಕೆಟ್ಟರೆ ವೋಲ್ಟೇಜ್ ನೋಡಿ. 230ರಿಂದ ತೀರಾ ಕೆಳಗೆ ಇಳಿದಾಗ ಹೀಟರೂ ಸೋಲುತ್ತದೆ, ಮನೆಯ ಮಷೀನಿನ ಸಣ್ಣ ಪಂಪೂ ಸೋಲುತ್ತದೆ. 16 ಆಂಪ್ಸ್ ಸಾಕೆಟ್ಟಿಗೆ ನೇರ ಹಾಕಿ, ಎಕ್ಸ್‌ಟೆನ್ಶನ್ ಬೇಡ. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಹಾಕುವ ಸಾಹಸವೂ ಬೇಡ.

ಇನ್ನು ಕೊಳೆ. ಎಲ್ಲ ಸರಿಯಿದ್ದೂ ಕಾಫಿಯಲ್ಲಿ ಹಳಸಿದ ಎಣ್ಣೆಯ ವಾಸನೆ ಬಂದರೆ ಬಿಳಿ ಬಟ್ಟೆ ಒದ್ದೆ ಮಾಡಿ ಮೇಲಿನ ಜರಡಿಗೆ ಉಜ್ಜಿ. ಬಟ್ಟೆ ಕಪ್ಪಾದರೆ ದೋಷ ಸಿಕ್ಕಿತು. ಜರಡಿ ಬಿಚ್ಚಿ ತೊಳೆಯಿರಿ. ತೂತಿಲ್ಲದ ಬಾಸ್ಕೆಟ್ ಹಾಕಿ ಎಸ್ಪ್ರೆಸೊ ಮಷೀನಿಗೆಂದೇ ಸಿಗುವ ಕ್ಲೀನಿಂಗ್ ಪುಡಿಯಿಂದ ಒಳಗೆ ತೊಳೆಯುವ ವಿಧಾನ ಇದೆಯಲ್ಲ, ಅದು ಒತ್ತಡ ಇಳಿಸುವ ವಾಲ್ವ್ ಇರುವ ಮಷೀನಿಗೆ ಮಾತ್ರ.

ನೀರು

ಬೋರ್‌ವೆಲ್ ನೀರು ಹಾಕಿದರೆ ಬಾಯ್ಲರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಬಿಸಿನೀರಿನ ಪಾತ್ರೆ ತಳದಲ್ಲಿ ಕಾಣುತ್ತದಲ್ಲ, ಅದೇ. ನೀರಿನ ಧಾರೆ ದಿನದಿಂದ ದಿನಕ್ಕೆ ಸಣ್ಣಗಾಗುವುದು, ಕಾಯಲು ಹೊತ್ತು ಹಿಡಿಯುವುದು ಇದರ ಗುರುತು. ಸ್ಟೀಲ್ ಬಾಯ್ಲರಿಗೆ ನಿಂಬೆ ಉಪ್ಪಿನ ನೀರು ಹಾಯಿಸಿ ತೊಳೆಯಬಹುದು. ಅಲ್ಯುಮಿನಿಯಂ ಆದರೆ ಮಷೀನ್ ಕಂಪನಿ ಹೇಳಿದ ಪುಡಿಯೇ ವಾಸಿ. ಹಾಗಂತ ಪೂರ್ತಿ ಆರ್‌ಒ ನೀರಿಗೆ ಹೋದರೆ ಕಾಫಿ ಸಪ್ಪೆ. ನೀರಿನ ಮಟ್ಟ ಅಳೆಯುವ ಕಡ್ಡಿ ಇರುವ ಮಷೀನಾದರೆ ಅದು ನೀರಿದೆ ಅಂತಲೇ ಗುರುತಿಸದೆ ಹೋಗಬಹುದು. ಆರ್‌ಒ ನೀರಿಗೆ ಫಿಲ್ಟರ್ ಮಾಡಿದ ಕಾವೇರಿ ನೀರು ಬೆರೆಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 150ರ ಆಸುಪಾಸು ಬರುವ ಹಾಗೆ ನೋಡಿಕೊಳ್ಳಿ.

ಹಾಲು ನೊರೆ ಕಟ್ಟದಿದ್ದರೆ

ಮೊದಲ ಪ್ರಶ್ನೆ: ಕಾಯಿಸಿ ಆರಿಸಿದ ಹಾಲಾ? ನಮ್ಮ ಮನೆಗಳಲ್ಲಿ ಪ್ಯಾಕೆಟ್ ಒಡೆದ ತಕ್ಷಣ ಕಾಯಿಸುವುದು ರೂಢಿ. ಒಮ್ಮೆ ಕುದಿದು ಕೆನೆ ಕಟ್ಟಿದ ಹಾಲು ಮತ್ತೆ ನಯವಾದ ನೊರೆ ಕೊಡುವುದು ಕಷ್ಟ. ಪ್ಯಾಕೆಟ್ ಹಾಲು ಪಾಶ್ಚರೀಕರಣ ಆಗಿಯೇ ಬಂದಿರುತ್ತದೆ. ಫ್ರಿಜ್ಜಿನಿಂದ ತಣ್ಣಗೆ ತೆಗೆದು ನೇರ ಬಳಸಿ. ದೊಡ್ಡ ಗುಳ್ಳೆ ಬಂದರೆ ಪೈಪಿನ ತುದಿ ತುಂಬಾ ಮೇಲಿದೆ. ಕಿರ್ರೋ ಅಂತ ಕಿರುಚಿದರೆ ತುಂಬಾ ಒಳಗಿದೆ. ಪಾತ್ರೆ ಕೈಗೆ ಹಿಡಿಯಲಾರದಷ್ಟು ಬಿಸಿಯಾದಾಗ, ಅಂದರೆ 60ರಿಂದ 65 ಡಿಗ್ರಿಗೆ, ನಿಲ್ಲಿಸಿ. ಆವಿಯ ರಭಸವೇ ಕಡಿಮೆಯಾಗಿದ್ದರೆ ತುದಿಯ ತೂತಿನಲ್ಲಿ ಹಾಲು ಒಣಗಿ ಕೂತಿದೆ. ಮಷೀನ್ ಆರಿಸಿ, ತಣ್ಣಗಾದ ಮೇಲೆ ಸೂಜಿಯಿಂದ ಬಿಡಿಸಿ. ಮುಂದೆ ಹಾಗಾಗಬಾರದು ಅಂದರೆ ಪ್ರತಿ ಸಲ ಹಾಲು ಮುಗಿದ ಕೂಡಲೇ ಪೈಪ್ ಒರೆಸಿ, ಎರಡು ಸೆಕೆಂಡ್ ಆವಿ ಬಿಡಿ.